ಫಾರ್ಮ್‌ನ ಪ್ರಶ್ನಿ ತಿದ್ದೂ ಮುಂಚೆ ಒಂದ್ ಮಾತು ಕೇಳಬಾರ್ದಾ?

ಬಾಗಲಕೋಟಿ ನವನಗರದಾಗ ಒಂದು ಕಾರ್ಯಾಗಾರಕ್ಕ ಗೂಗಲ್‌ನ್ಯಾಗ ನೋಂದಣಿ ಫಾರ್ಮ್ ಮಾಡೇವ್ರಿ. ಹುಡುಗರು ತುಂಬಿ ಸಬ್‌ಮಿಟ್ ಒತ್ತಿದ್ರ ಶೀಟ್‌ನ್ಯಾಗ ಸಾಲು ಬೀಳ್ತದ, ಆಮ್ಯಾಲೆ ಆಪ್ಸ್ ಸ್ಕ್ರಿಪ್ಟ್ ಮ್ಯಾಕ್ರೋ (ಶೀಟ್‌ಗೆ ಜೋಡಿಸಿದ ಸಣ್ಣ ಪ್ರೋಗ್ರಾಮು) ಹೆಸರು, ಈಮೇಲ್ ತಗೊಂಡು ತಾನ ಮೇಲ್ ಕಳಿಸ್ತದ. ಚಂದ ನಡದಿತ್ತು. ಆದ್ರ ಕಮಿಟಿಯವ್ರಿಗೆ ಕೈ ಸುಮ್ನಿರಂಗಿಲ್ಲ ನೋಡ್ರಿ, ಒಬ್ಬರು ಬಂದು "ಈಮೇಲ್" ಅಂತಿದ್ದದ್ದನ್ನ "ವಿದ್ಯಾರ್ಥಿಯ ಈಮೇಲ್" ಮಾಡ್ತಾರ, ಇನ್ನೊಬ್ರು ಕೊನಿಗೆ ಒಂದು ಸ್ಪೇಸ್ ಹೊಡದು ಹೋಗ್ತಾರ, ಯಾರೂ ಹೇಳಂಗಿಲ್ಲ. ಅಲ್ರೀ, ಸ್ಕ್ರಿಪ್ಟ್‌ಗೆ ಫಾರ್ಮ್‌ನ ಉತ್ತರ ಕೊಡೋ ನೇಮ್ಡ್‌ವ್ಯಾಲ್ಯೂಸ್ ಅನ್ನೂದು ಪ್ರಶ್ನಿಯ ಅಕ್ಷರಕ್ಷರ ಹಿಡದು ಉತ್ತರ ಹುಡುಕ್ತದ, ಒಂದು ಸ್ಪೇಸ್ ಹೆಚ್ಚಾದ್ರೂ ಅದಕ್ಕ ಏನೂ ಸಿಗಂಗಿಲ್ಲ, ಸ್ಕ್ರಿಪ್ಟ್ ಅಲ್ಲೇ ಎರರ್ ಕೊಟ್ಟು ನಿಲ್ತದ! ಶೀಟ್‌ನ್ಯಾಗ ಸಾಲು ಮಾತ್ರ ಬಿದ್ದಿರ್ತದ, ಅದಕ್ಕ ಎಲ್ಲಾ ಸರಿ ಐತಿ ಅನ್ಕೊಂಡು ಕೂಡ್ತಾರ, ಆ ಕಡೆ ಬೀಳಗಿ, ಹುನಗುಂದ ಹುಡುಗರು ಮೇಲ್ ಬರ್ಲಿಲ್ಲ, ಬಸ್ಸು ಹತ್ತೂದೋ ಬ್ಯಾಡೋ ಅಂತ ಫೋನ್ ಮಾಡ್ತಾರ. ಪಾಪ, ಅವ್ರದೇನು ತಪ್ಪು?

ಮ್ಯಾಲೆ ಸಲಹಾ ಬ್ಯಾರೆ, "ಆನ್‌ಎಡಿಟ್ ಹಾಕ್ರಿ" ಅಂತ. ಅದು ಶೀಟ್‌ನ್ಯಾಗ ಯಾರರ ಕೈಯಿಂದ ತಿದ್ದಿದ್ರ ಸ್ಕ್ರಿಪ್ಟ್ ಓಡಸೂ ಸಾದಾ ಟ್ರಿಗರ್. ಫಾರ್ಮ್‌ನಿಂದ ಬಿದ್ದ ಸಾಲಿಗೆ ಆನ್‌ಎಡಿಟ್ ಓಡೂದೇ ಇಲ್ರಿ, ಸಾದಾ ಟ್ರಿಗರ್‌ಗೆ ಮೇಲ್ ಕಳಿಸೋ ಪರವಾನಗಿನೂ ಇಲ್ಲ, ಫಾರ್ಮ್ ಸಬ್‌ಮಿಟ್ ಟ್ರಿಗರನ್ನ ಬ್ಯಾರೆ ಕೂಡಸಬೇಕು. ತಪ್ಪಿಹೋದ ಮೇಲ್ ಎಲ್ಲಾ ಒಮ್ಮೆಲೆ ಕಳಸೂಣು ಅಂದ್ರ ಪುಕ್ಕಟೆ ಅಕೌಂಟಿಗೆ ಸ್ಕ್ರಿಪ್ಟ್‌ನಿಂದ ದಿನಕ್ಕ 100 ಮಂದಿಗಷ್ಟ.

ಪ್ರಶ್ನಿ ಕೆಳಗ ವಿವರಣೆ ಬರಿಯಾಕ ಜಾಗಾ ಐತ್ರಿ, ಏನ್ ಬೇಕೋ ಅಲ್ಲಿ ಬರೀರಿ, ಪ್ರಶ್ನಿ ಮುಟ್ಟಬ್ಯಾಡ್ರಿ, ಮುಟ್ಟಲೇಬೇಕಂದ್ರ ನನಗೊಂದು ಫೋನ್ ಹಚ್ರಿ.