ಕೊಳ್ಳಿದೆವ್ವದ ಕೆಲಸ ಹೋಯಿತು

ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಮೊನ್ನೆ ಮತ್ತೆ ಬಂತು. ಹದಿನಾಲ್ಕು ಸೆಕೆಂಡಿನ ವಿಡಿಯೋ. ಕಪ್ಪು ಆಕಾಶ, ನಡುವೆ ಒಂದು ಬಿಳಿ ಚುಕ್ಕಿ, ಹಿಂದೆ ಯಾರೋ 'ಅಯ್ಯಯ್ಯೋ ನೋಡ್ರೋ' ಅನ್ನುವ ದನಿ, ಅದಕ್ಕೆ ತಾಳ ಹಾಕುವ ನಾಯಿ. ಚುಕ್ಕಿ ಗಡಗಡ ನಡುಗುತ್ತಿದೆ. ಫೋನ್ ಹಿಡಿದ ಕೈ ನಡುಗಿದರೆ ಚುಕ್ಕಿ ಪಾಪ ಇನ್ನೇನು ಮಾಡುತ್ತದೆ? ಕೆಳಗೆ ಚಿಕ್ಕಪ್ಪನ ಷರಾ: 'ಅನ್ಯಗ್ರಹದವರು ಬಂದಾಯ್ತು. ಎಲ್ಲರಿಗೂ ತಿಳಿಸಿ.' ರಾತ್ರಿ ಟೀವಿಯಲ್ಲೂ ಅದೇ ಚುಕ್ಕಿ. ಅದರ ಸುತ್ತ ಕೆಂಪು ವೃತ್ತ, ಹಿಂದೆ ಡಮ ಡಮ ಸಂಗೀತ, ಚರ್ಚೆಗೆ ಒಬ್ಬ ಜ್ಯೋತಿಷಿ.

ಚುಕ್ಕಿ ಎಣಿಸುವುದರಲ್ಲಿ ನಮ್ಮ ದೇಶದ ದಾಖಲೆ ಇರುವುದು ಲಡಾಖಿನಲ್ಲಿ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಗಡಿಯ ಸರೋವರದ ಮೇಲೆ ಗುರುತು ಸಿಗದ ಬೆಳಕು ನಮ್ಮ ಸೈನಿಕರಿಗೆ 329 ಸಲ ಕಂಡಿತು. ಅದರಲ್ಲಿ 155 ಸಲ ಗಡಿ ದಾಟಿ ನಮ್ಮ ಕಡೆ ಬಂದಿದೆ ಅಂತಲೂ ಲೆಕ್ಕ ಬರೆದಾಯಿತು. ಚೀನಾದ ಡ್ರೋನ್ ಅಂತ ಗುಮಾನಿ. ರಾಡಾರ್ ತಂದು ನೋಡಿದರು, ಏನೂ ಸಿಗಲಿಲ್ಲ. ರಾಡಾರಿಗೂ ಸಿಗದ ಡ್ರೋನ್! ಗಾಬರಿ ಇನ್ನೂ ಜಾಸ್ತಿ ಆಯಿತು.

ಕೊನೆಗೆ ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರನ್ನು ಕೇಳಿದರು. ಒಂದು ಬೆಳಕು ಸಂಜೆ ಆರರ ಸುಮಾರಿಗೆ ಬಂದು ಬೆಳಗಿನ ಜಾವದವರೆಗೂ ಇರುತ್ತೆ. ಇನ್ನೊಂದು ನಾಲ್ಕಕ್ಕೆ ಬರುತ್ತೆ. ಖಗೋಳದವರು ನೋಡಿ ಹೇಳಿದರು: ಮೊದಲನೆಯದು ಗುರು, ಎರಡನೆಯದು ಶುಕ್ರ. ಅಂದರೆ ಈ ಇಬ್ಬರು ಮಹನೀಯರು ಪಾಸ್‌ಪೋರ್ಟ್ ಇಲ್ಲದೆ 155 ಸಲ ಗಡಿ ಉಲ್ಲಂಘಿಸಿದ್ದಾರೆ.

ಹದಿನಾಲ್ಕು ಸಾವಿರ ಅಡಿ ಮೇಲೆ ಚಳಿಯಲ್ಲಿ ಕೂತು ಕಾವಲು ಕಾಯುವ ಹುಡುಗರನ್ನು ನಾನು ಗೇಲಿ ಮಾಡುವುದಿಲ್ಲ. ಅಲ್ಲಿನ ತೆಳು ಗಾಳಿಯಲ್ಲಿ ಶುಕ್ರ ಟಾರ್ಚ್ ಹಾಕಿದ ಹಾಗೆ ಹೊಳೆಯುತ್ತಾನೆ. ನನಗೆ ನಗು ಬರುವುದು ಬೇರೆ ವಿಷಯಕ್ಕೆ. ಇದೇ ಸಂಸ್ಥೆಯ ದೂರದರ್ಶಕ ಲಡಾಖಿನ ಹಾನ್ಲೆಯಲ್ಲೇ ಇದೆ. ಅದನ್ನು ಓಡಿಸುವುದು ಎಲ್ಲಿಂದ ಗೊತ್ತಾ? ಉಪಗ್ರಹದ ಸಂಪರ್ಕದ ಮೂಲಕ, ಹೊಸಕೋಟೆಯಿಂದ. ನಾವು ಭಾನುವಾರ ಬೆಳಿಗ್ಗೆ ಬಿರಿಯಾನಿಗೆ ಅಂತ ಹೋಗುತ್ತೇವಲ್ಲ, ಅದೇ ಹೊಸಕೋಟೆ. ಬಿರಿಯಾನಿ ಕ್ಯೂನಲ್ಲಿ ನಿಂತು ಕೇಳಿದ್ದರೂ ಯಾರಾದರೂ ಹೇಳುತ್ತಿದ್ದರೇನೋ.

ನಮ್ಮಜ್ಜಿಯ ಕಾಲದಲ್ಲಿ ಇಷ್ಟು ರಗಳೆ ಇರಲಿಲ್ಲ. ರಾತ್ರಿ ಕೆರೆಯಂಗಳದಲ್ಲಿ ಬೆಳಕು ಕಂಡರೆ ಅದು ಕೊಳ್ಳಿದೆವ್ವ, ಮುಗೀತು. ತನಿಖೆ ಇಲ್ಲ, ಚರ್ಚೆ ಇಲ್ಲ. ಹತ್ತಿರ ಹೋದರೆ ದೂರ ಓಡುತ್ತೆ, ಓಡಿದರೆ ಹಿಂದೆ ಬರುತ್ತೆ, ಹೆಸರು ಹಿಡಿದು ಕರೆದರೆ ಓಗೊಡಬಾರದು, ಬೀಡಿ ಹಚ್ಚಿಕೊಂಡರೆ ತಂಟೆಗೆ ಬರಲ್ಲ. ಅಜ್ಜ ಈ ಕೊನೆಯ ನಿಯಮವನ್ನು ಹಗಲೂ ತಪ್ಪದೆ ಪಾಲಿಸುತ್ತಿದ್ದರು. ಆಮೇಲೆ ಶಾಲೆಯಲ್ಲಿ ಮೇಷ್ಟ್ರು ಹೇಳಿದರು: ಕೆಸರಿನಲ್ಲಿ ಎಲೆ, ಹುಲ್ಲು ಕೊಳೆತು ಮೀಥೇನ್ ಅನಿಲ ಬರುತ್ತದೆ, ಉರಿಯುವುದು ಅದೇ. ಅದಕ್ಕೆ ಕಡ್ಡಿ ಗೀರುವವರು ಯಾರು ಅನ್ನುವುದರಲ್ಲಿ ರಸಾಯನಶಾಸ್ತ್ರದವರಿಗೆ ಇನ್ನೂ ಒಮ್ಮತವಿಲ್ಲ. ಫಾಸ್ಫೀನ್ ಅನ್ನುವ ಇನ್ನೊಂದು ಅನಿಲ ಇರಬಹುದು ಅನ್ನುತ್ತಾರೆ. ಅಜ್ಜಿಗೆ ಹೇಳಿದೆ. 'ಹೂಂ, ಆ ಅನಿಲಾನೇ ಕರೆಯೋದು, ನೀನು ಓಗೊಡಬೇಡ' ಅಂದರು.

ಅಜ್ಜಿಯೇ ವಾಸಿ. 1966ರ ಮಾರ್ಚ್‌ನಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಇದೇ ಕಥೆ ನಡೆಯಿತು. ಜೌಗು ನೆಲದ ಮೇಲೆ ಬೆಳಕು ಕಂಡು ಊರೆಲ್ಲ ಹಾರುವ ತಟ್ಟೆ ಅಂತ ಎದ್ದು ಕೂತಿತು. ವಾಯುಪಡೆ ತನ್ನ ಸಲಹೆಗಾರ, ಖಗೋಳ ವಿಜ್ಞಾನಿ ಅಲೆನ್ ಹೈನೆಕ್ ಅವರನ್ನು ಕಳಿಸಿತು. ಅವರು ಡೆಟ್ರಾಯಿಟ್‌ನಲ್ಲಿ ಪತ್ರಿಕಾಗೋಷ್ಠಿ ಕರೆದು, ಕೆಲವು ಬೆಳಕು ಜೌಗಿನ ಅನಿಲ ಇರಬಹುದು ಅಂದರು. ಅಷ್ಟೇ. ದೇಶವೆಲ್ಲ ಉರಿದೆದ್ದಿತು. ಮುಂದೆ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಅವರಂಥವರೇ ಸಂಸತ್ತಿನ ವಿಚಾರಣೆ ಆಗಲಿ ಅಂದರು. ನಮ್ಮೂರಿಗೆ ಬೇರೆ ಲೋಕದವರು ಬಂದಿದ್ದಾರೆ ಅಂದರೆ ಹೆಮ್ಮೆ. ನಿಮ್ಮೂರಿನ ಕೆಸರು ಹೂಸು ಬಿಡುತ್ತಿದೆ ಅಂದರೆ ಯಾರಿಗೆ ತಾನೆ ಖುಷಿ?

ಹಾಗಂತ ಬೆಳಕು ಬರುವುದು ನೆಲದಿಂದಲೇ ಅನ್ನುವವರೂ ಕಡಿಮೆ ಇಲ್ಲ. ಅಡುಗೆಮನೆಯ ಗ್ಯಾಸ್ ಲೈಟರ್ ನೋಡಿ. ಒಳಗೆ ಬಟಾಣಿ ಗಾತ್ರದ ಹರಳು. ಒತ್ತಿದಾಗ ಪುಟ್ಟ ಸುತ್ತಿಗೆ ಅದರ ತಲೆಗೆ ಕುಟ್ಟುತ್ತದೆ, ಸಾವಿರಾರು ವೋಲ್ಟ್ ಹುಟ್ಟಿ ಕಿಡಿ ಹಾರುತ್ತದೆ. (ನಮ್ಮ ಮನೆಯದು ಎಂಟು ಸಲ ಟಿಕ್ ಅಂದು ಒಂಬತ್ತನೆಯದಕ್ಕೆ ಮನಸ್ಸು ಮಾಡುತ್ತದೆ.) ಬಂಡೆಯಲ್ಲಿರುವ ಬೆಣಚುಕಲ್ಲಿಗೂ ಇದೇ ಗುಣ ಇದೆ. ಹಾಗಾದರೆ ಭೂಮಿಯೊಳಗೆ ಬಂಡೆ ಬಂಡೆಯನ್ನು ಒತ್ತಿದಾಗ ಮೇಲೆ ಬೆಳಕು ಬರಬಾರದೇಕೆ ಅಂದರು ಕೆನಡಾದ ಮನಶ್ಶಾಸ್ತ್ರದ ಪ್ರೊಫೆಸರ್ ಮೈಕೆಲ್ ಪರ್ಸಿಂಜರ್. ಒಳ್ಳೆಯ ಪ್ರಶ್ನೆ. 1960ರ ದಶಕದಲ್ಲಿ ಜಪಾನಿನ ಮತ್ಸುಶಿರೋದಲ್ಲಿ ಭೂಕಂಪಗಳ ಸರಣಿ ನಡೆದಾಗ ಬೆಟ್ಟದ ಮೇಲಿನ ಬೆಳಕಿನ ಫೋಟೋಗಳೂ ಸಿಕ್ಕಿದ್ದವು. ಆದರೆ ಪರ್ಸಿಂಜರ್ ಲೆಕ್ಕದಲ್ಲಿ ಬೆಳಕು ಕಾಣುವುದು ಇಲ್ಲಿ, ಭೂಕಂಪ ಆಗುವುದು ನೂರಾರು ಕಿಲೋಮೀಟರ್ ಆಚೆ, ಅದೂ ಎಷ್ಟೋ ತಿಂಗಳು ಬಿಟ್ಟು. ಇದನ್ನು ನಮ್ಮಲ್ಲಿ 'ಆರು ತಿಂಗಳೊಳಗೆ ಉತ್ತರ ದಿಕ್ಕಿನಿಂದ ಶುಭ ಸುದ್ದಿ' ಅನ್ನುತ್ತಾರೆ. ಟೀವಿಯವರು ಜ್ಯೋತಿಷಿಯನ್ನು ಕರೆದಿದ್ದು ಪೂರ್ತಿ ತಪ್ಪಲ್ಲ ಅನ್ನಿಸಿತು.

ನನಗೆ ಗೌರವ ಇರುವುದು ನಾರ್ವೆಯ ಹೆಸ್ಡಾಲೆನ್ ಕಣಿವೆಯವರ ಮೇಲೆ. ಅಲ್ಲಿ 1981ರ ಕೊನೆಯಿಂದ ವಾರಕ್ಕೆ ಹದಿನೈದಿಪ್ಪತ್ತು ಸಲ ಬೆಳಕು ಕಾಣತೊಡಗಿತು. ಅವರು ಕೆಂಪು ವೃತ್ತ ಹಾಕಲಿಲ್ಲ. 1984ರ ಚಳಿಗಾಲದಲ್ಲಿ ಉಪಕರಣ ಹೊತ್ತುಕೊಂಡು ಹಿಮದಲ್ಲಿ ಕೂತರು, 53 ಸಲ ಬೆಳಕು ಕಂಡಿದ್ದನ್ನು ಬರೆದರು. 1998ರಲ್ಲಿ ತಾನಾಗಿಯೇ ಅಳೆಯುವ ಕೇಂದ್ರ ಕೂರಿಸಿದರು. ಕಣಿವೆಯ ಒಂದು ಕಡೆ ಸತು, ಕಬ್ಬಿಣದ ಕಲ್ಲು, ಇನ್ನೊಂದು ಕಡೆ ತಾಮ್ರ, ನಡುವೆ ಗಂಧಕ ಬೆರೆತ ನದಿ. ಹಾಗಾಗಿ ಇಡೀ ಕಣಿವೆಯೇ ಒಂದು ಬ್ಯಾಟರಿ ಇರಬಹುದು ಅನ್ನುವುದು ಒಬ್ಬ ಇಟಲಿಯವರ ವಾದ. ಇನ್ನೂ ತೀರ್ಮಾನ ಆಗಿಲ್ಲ. ನಲವತ್ತು ವರ್ಷದಿಂದ 'ಗೊತ್ತಿಲ್ಲ, ನೋಡ್ತಾ ಇದೀವಿ' ಅನ್ನುತ್ತಿದ್ದಾರೆ. ನಮ್ಮ ಟೀವಿಯಲ್ಲಿ ಹಾಗೆ ಹೇಳಿದವನಿಗೆ ಎರಡನೇ ಸಲ ಕರೆ ಬರುವುದಿಲ್ಲ.

ನೆಲದ ಕಥೆ ನಮ್ಮಲ್ಲಿ ಇಲ್ಲದೆ ಏನಿಲ್ಲ. ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲೂಕು, ಗಡಿಕೇಶ್ವಾರ. 2021ರ ಅಕ್ಟೋಬರ್. ಅಲ್ಲಿ ಬೆಳಕಲ್ಲ, ಸದ್ದು. ಭೂಮಿಯೊಳಗಿಂದ ಢಂ ಅಂತ. ಪಾತ್ರೆ ಉರುಳುವುದು, ಗೋಡೆ ಬಿರುಕು ಬಿಡುವುದು. ಒಂದು ರಾತ್ರಿಯಂತೂ ರಿಕ್ಟರ್‌ನಲ್ಲಿ 4ರ ಆಸುಪಾಸಿನ ಕಂಪನ. ಮಳೆಗಾಲದ ನೀರು ಬಂಡೆಯ ಬಿರುಕಿಗೆ ಇಳಿದು ಹೀಗಾಗುತ್ತದೆ ಅಂತ ತಜ್ಞರು ವಿವರಿಸಿದರು, ಸರಿ. ಆದರೆ ಆ ಜನ ಈ ಸದ್ದಿನ ಬಗ್ಗೆ ಅದಕ್ಕೂ ವರ್ಷಗಳ ಮೊದಲಿನಿಂದ ಹೇಳುತ್ತಾ ಬಂದಿದ್ದರು. ಯಾರು ಕೇಳಿದರು? ಮಕ್ಕಳನ್ನು ಕಟ್ಟಿಕೊಂಡು ಬಯಲಲ್ಲಿ ಮಲಗಿದರು. ಗಂಟು ಕಟ್ಟಿಕೊಂಡು ಊರು ಬಿಟ್ಟರು. ಚುಕ್ಕಿಗೆ ಟೀವಿಯಲ್ಲಿ ಸಿಗುವ ಒಂದು ಗಂಟೆ ಆ ಊರಿಗೆ ಎಷ್ಟು ಸಲ ಸಿಕ್ಕಿತು? ಆಕಾಶದಿಂದ ಏನೂ ಬರದಿದ್ದರೂ ನಮಗೆ ಕೇಳಿಸುತ್ತದೆ. ಕಾಲ ಕೆಳಗಿನಿಂದ ಜನ ಕೂಗಿದರೆ ಕೇಳಿಸಲ್ಲ. ಇದರಲ್ಲಿ ತಮಾಷೆ ಮಾಡುವುದಕ್ಕೆ ಏನೂ ಇಲ್ಲ. ಸುಸ್ತಾಗುತ್ತೆ.

ಇರಲಿ. ವಿಡಿಯೋದಲ್ಲಿ ಸಮಯ, ದಿಕ್ಕು ನೋಡಿ ಚಿಕ್ಕಪ್ಪನಿಗೆ ಬರೆದೆ: 'ಅದು ಶುಕ್ರ.'

ಎರಡೇ ನಿಮಿಷದಲ್ಲಿ ಉತ್ತರ ಬಂತು: 'ಹೌದಾ! ಯಾವ ಮನೆಯಲ್ಲಿದ್ದಾನೆ?'