ಕೈಯಾರೆ ಒಪ್ಪಿದ ಲಿಂಕ್‌ಗೆ ಬೆಲೆ ಯಾಕಿಲ್ಲ?

ಭಾನುವಾರದಿಂದ ಮನಸ್ಸು ಸರಿ ಇಲ್ಲ. ಎರಡು ದಿನ ಸುಮ್ಮನಿದ್ದೆ. ಓದುಗರು ಕಮೆಂಟ್‌ನಲ್ಲಿ ಕೊಡುವ, ಸೈಟಿನವರು ಓದಿ ಒಪ್ಪುವ ಲಿಂಕ್‌ಗಳ ಬಗ್ಗೆ ಈಗ ಬರೆದೇಬಿಡುತ್ತೇನೆ, ಉದ್ದ ಆಗುತ್ತದೆ.

ಹಿರಿಯೂರು ಕಡೆಯ ಆ ಹುಡುಗ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಕೆರೆಗಳ ಬಗ್ಗೆ ಬರೆಯುತ್ತಾನಲ್ಲ, ಅವನೇ. ಹೆಸರು ಹಾಕಬೇಡಿ ಅಂದಿದ್ದಾನೆ. ವಾರವೆಲ್ಲ ಕೆಲಸ. ರಜೆ ಸಿಕ್ಕಿತು ಅಂದರೆ ಬೈಕ್ ಹತ್ತಿ ಯಾವುದಾದರೂ ಕೆರೆ ಏರಿ ಮೇಲೆ ನಿಂತಿರುತ್ತಾನೆ. ತೂಬು ಎಲ್ಲಿದೆ, ಕೋಡಿ ಯಾವ ಕಡೆಗೆ ಹರಿಯುತ್ತದೆ, ಹೂಳು ಎಲ್ಲಿಯವರೆಗೆ ಬಂದಿದೆ, ಊರಿನ ಅಜ್ಜಂದಿರು ಏನು ಹೇಳುತ್ತಾರೆ, ಎಲ್ಲ ಬರೆದುಕೊಂಡು ಬಂದು ಫೋಟೋ ಸಮೇತ ತನ್ನ ಬ್ಲಾಗ್‌ಗೆ ಹಾಕುತ್ತಾನೆ. ಮೂರು ವರ್ಷದಿಂದ ಇದೇ ಕೆಲಸ. ದಿನಕ್ಕೆ ಹತ್ತು ಜನ ಓದಿದರೆ ಜಾಸ್ತಿ.

ಭಾನುವಾರ ಅವನ ಅಕ್ಕನ ಲಗ್ನಪತ್ರಿಕೆ ಮಾಡಿಸಲು ನಮ್ಮ ಅಂಗಡಿಗೆ ಬಂದಿದ್ದ. ನಾನು ಪ್ರೂಫ್ ತೆಗೆಯುತ್ತಿದ್ದೆ. ಪಕ್ಕದ ಸ್ಟೂಲ್ ಮೇಲೆ ಕೂತು ಮೊಬೈಲ್ ತೋರಿಸಿದ. "ಅಕ್ಕಾ, ಇದನ್ನ ನೋಡಿ. ಇಷ್ಟು ದೊಡ್ಡ ಸೈಟಲ್ಲಿ ನನ್ನ ಲಿಂಕ್ ಇದೆ. ಆರು ತಿಂಗಳಾಯ್ತು. ಆದ್ರೂ ಗೂಗಲ್‌ನಲ್ಲಿ ಹುಡುಕಿದ್ರೆ ನಾನು ಬರೋದೇ ಇಲ್ಲ. ಗೂಗಲ್‌ಗೆ ಗೊತ್ತಾಗೋಕೆ ಇಷ್ಟು ದಿನ ಬೇಕಾ?"

ವಿಷಯ ಇಷ್ಟು. ಆ ದೊಡ್ಡ ಸೈಟಿನವರು ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟಿನ ಬಗ್ಗೆ ಒಂದು ಲೇಖನ ಹಾಕಿದ್ದರು. ವಾಣಿವಿಲಾಸ ಸಾಗರ 2022ರಲ್ಲಿ ಇತಿಹಾಸದಲ್ಲೇ ಮೊದಲ ಸಲ ಕೋಡಿ ಬಿತ್ತು ಅಂತ ಬರೆದುಬಿಟ್ಟಿದ್ದರು. ಇವನು ಕೆಳಗೆ ಉದ್ದಕ್ಕೆ ಕಮೆಂಟ್ ಹಾಕಿದ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು ಅದು, 1933ರಲ್ಲಿ ಒಂದು ಸಲ ಕೋಡಿ ಬಿದ್ದಿತ್ತು, 2022ರಲ್ಲಿ ಬಿದ್ದದ್ದು 89 ವರ್ಷದ ಮೇಲೆ, ವಿವರ ಇಲ್ಲಿದೆ ನೋಡಿ ಅಂತ ತನ್ನ ಪುಟದ ಲಿಂಕ್ ಕೊಟ್ಟ. ಅವರು ಓದಿದರು. ಕಮೆಂಟ್ ಅಪ್ರೂವ್ ಮಾಡಿದರು. ಎರಡೇ ದಿನದಲ್ಲಿ ಲೇಖನವನ್ನೂ ತಿದ್ದಿದರು. ಲೇಖನದೊಳಗೆ ಇವನ ಹೆಸರಿಲ್ಲ, ಇರಲಿ. ಕಮೆಂಟ್‌ನಲ್ಲಾದರೂ ಲಿಂಕ್ ಇದೆಯಲ್ಲ ಅಂತ ಹುಡುಗ ಖುಷಿಯಾಗಿದ್ದ.

ನಾನು ಕಂಪ್ಯೂಟರ್‌ನಲ್ಲಿ ಆ ಪುಟ ತೆಗೆದೆ. ಪೇಜ್ ಸೋರ್ಸ್, ಅಂದರೆ ಪುಟದ ಹಿಂದಿರುವ ಕೋಡ್, ಬಿಡಿಸಿ ಅವನ ಲಿಂಕ್ ಹುಡುಕಿದೆ. ಪಕ್ಕದಲ್ಲೇ ಆ ಪದ ಇತ್ತು. ನೋಫಾಲೋ. "ಹಂಗಂದ್ರೆ ಏನಕ್ಕಾ?" ಅಂದ. "ಈ ಲಿಂಕ್‌ಗೂ ನಮಗೂ ಸಂಬಂಧ ಇಲ್ಲ, ಇದನ್ನ ಲೆಕ್ಕಕ್ಕೆ ಹಿಡೀಬೇಡ ಅಂತ ಅವರ ಸೈಟು ಗೂಗಲ್‌ಗೆ ಹೇಳ್ತಾ ಇದೆ ಕಣೋ" ಅಂದೆ. ಅವನು ಏನೂ ಮಾತಾಡಲಿಲ್ಲ. ಪ್ರೂಫ್ ಮಡಚಿ ಜೇಬಿಗಿಟ್ಟುಕೊಂಡು, "ಮುಹೂರ್ತದ ಟೈಮ್ ಒಂದ್ಸಲ ಅಪ್ಪನ್ನ ಕೇಳಿ ಹೇಳ್ತೀನಿ" ಅಂತ ಎದ್ದು ಹೋದ.

ಈ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ದಾವಣಗೆರೆಯ ಮಂಡಿಪೇಟೆಯಲ್ಲಿ ಹೊಸಬ ಬಂದು ಉದ್ರಿ ಕೇಳಿದರೆ ಸಾಹುಕಾರರ ಮೊದಲ ಪ್ರಶ್ನೆ ಏನು? ಯಾರು ಕಳಿಸಿದ್ದು ಅಂತ. ಕಳಿಸಿದವರು ತೂಕದ ಮನುಷ್ಯರಾದರೆ ಹೊಸಬನಿಗೂ ಅಂಗಡಿಯಲ್ಲಿ ಜಾಗ ಸಿಗುತ್ತದೆ. ಗೂಗಲ್ ಶುರುವಾದದ್ದೇ ಇದೇ ಲೆಕ್ಕದ ಮೇಲೆ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಪೇಜ್‌ರ‍್ಯಾಂಕ್ ಅಂತ ಬರೆದು ತೋರಿಸಿದ್ದು ಇದನ್ನೇ. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದು ಒಂದು ಸಾಕ್ಷಿ. ತೂಕದ ಪುಟ ಹೇಳಿದ ಸಾಕ್ಷಿಗೆ ಬೆಲೆ ಜಾಸ್ತಿ. ಈಗ ಗೂಗಲ್ ಇನ್ನೂ ಎಷ್ಟೋ ವಿಷಯ ನೋಡುತ್ತದೆ, ಆದರೂ ಸಾಕ್ಷಿಯ ಲೆಕ್ಕ ಬಿಟ್ಟಿಲ್ಲ.

ಲಿಂಕ್‌ಗೆ ಬೆಲೆ ಇದೆ ಅಂತ ಗೊತ್ತಾದ ಮೇಲೆ ಕಳ್ಳರು ಬಂದರು. ಕಂಡಕಂಡವರ ಬರಹದ ಕೆಳಗೆ ಜೂಜು, ಮಾತ್ರೆ, ಸಾಲದ ಲಿಂಕ್ ಸುರಿದರು. ಅದನ್ನು ತಡೆಯಲು 2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಸೇರಿ ನೋಫಾಲೋ ತಂದರು. ಬ್ಲಾಗ್ ನಡೆಸಲು ಬಳಸುವ ವರ್ಡ್‌ಪ್ರೆಸ್, ಬ್ಲಾಗರ್‌ನಂಥವೆಲ್ಲ ಕಮೆಂಟ್ ಲಿಂಕ್‌ಗಳಿಗೆ ಅದನ್ನು ತಾವೇ ಅಂಟಿಸತೊಡಗಿದವು. ಕಳ್ಳನ ಲಿಂಕ್, ಒಳ್ಳೆಯವನ ಲಿಂಕ್ ಅಂತ ಭೇದ ಇಲ್ಲ.

ನನ್ನ ತಕರಾರು ಇಲ್ಲೇ. ಯಂತ್ರಕ್ಕೆ ಭೇದ ಗೊತ್ತಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಆ ಸೈಟಿನಲ್ಲಿ ಒಬ್ಬ ಮನುಷ್ಯ ಕೂತು ಕಮೆಂಟ್ ಓದಿದ್ದಾನಲ್ಲ? ಲಿಂಕ್ ಒತ್ತಿ ನೋಡಿದ್ದಾನಲ್ಲ? ಅಲ್ಲಿದ್ದ ಮಾಹಿತಿ ತೆಗೆದುಕೊಂಡು ತನ್ನ ಲೇಖನ ತಿದ್ದಿಕೊಂಡಿದ್ದಾನಲ್ಲ? ಇಷ್ಟೆಲ್ಲ ಆದ ಮೇಲೂ ಇವನು ಯಾರೋ ನಮಗೆ ಗೊತ್ತಿಲ್ಲ ಅಂತ ಗೂಗಲ್‌ಗೆ ಹೇಳುವುದು ಯಾವ ನ್ಯಾಯ? ಲಿಂಕ್ ಕೆಟ್ಟದ್ದಾದರೆ ಅಳಿಸಿ. ಯಾರೂ ಬೇಡ ಅನ್ನುವುದಿಲ್ಲ. ಒಳ್ಳೆಯದು ಅಂತ ಒಪ್ಪಿ ಇಟ್ಟುಕೊಂಡ ಮೇಲೆ ಅದರ ಬೆಲೆಯನ್ನೂ ಕೊಡಿ.

ನಿನ್ನೆ ಇದೇ ಮಾತನ್ನು ಬೆಂಗಳೂರಿನ ಗೆಳೆಯರೊಬ್ಬರಿಗೆ ಫೋನ್‌ನಲ್ಲಿ ಹೇಳಿದೆ. ಸೈಟುಗಳನ್ನು ಗೂಗಲ್‌ನಲ್ಲಿ ಮೇಲೆ ತರುವುದೇ ಅವರ ಉದ್ಯೋಗ. "ಮೇಡಂ, ನೋಫಾಲೋ ತೆಗೆದ್ರೆ ಸ್ಪ್ಯಾಮ್ ಹೊಳೆ ಹರಿದು ಬರುತ್ತೆ" ಅಂದರು. ಹೊಳೆ ಈಗ ನಿಂತಿದೆಯಾ? ನೋಫಾಲೋ ಬಂದು ಇಪ್ಪತ್ತು ವರ್ಷ ದಾಟಿತು. ಇವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ನನ್ನ ಸೈಟ್ ನೋಡಿದರೆ ಹದಿನೇಳು ಸ್ಪ್ಯಾಮ್ ಕೂತಿದ್ದವು. ಅವುಗಳನ್ನು ಹಿಡಿದದ್ದು ಸ್ಪ್ಯಾಮ್ ಫಿಲ್ಟರ್. ಉಳಿದ ಒಂದೆರಡನ್ನು ಹಿಡಿದದ್ದು ನನ್ನ ಕಣ್ಣು. ಸ್ಪ್ಯಾಮ್ ಕಳಿಸುವುದು ಯಂತ್ರ. ಅದು ಈ ಸೈಟಲ್ಲಿ ನೋಫಾಲೋ ಇದೆ, ಬೇಡ ಅಂತ ವಾಪಸ್ ಹೋಗುವುದಿಲ್ಲ.

"ವಿಕಿಪೀಡಿಯಾನೇ ಹಾಕುತ್ತಲ್ಲ" ಅಂದರು. ಹೌದು, ಇಂಗ್ಲಿಷ್ ವಿಕಿಪೀಡಿಯಾ 2007ರಿಂದ ಹೊರಗಿನ ಲಿಂಕ್‌ಗಳಿಗೆಲ್ಲ ಹಾಕುತ್ತದೆ. ಅಲ್ಲಿ ಯಾರು ಬೇಕಾದರೂ ಬಂದು ಯಾರನ್ನೂ ಕೇಳದೆ ಲಿಂಕ್ ಸೇರಿಸಬಹುದು. ನಮ್ಮಲ್ಲಿ ಹಾಗಲ್ಲ. ನಾನು ಒಪ್ಪದೆ ನನ್ನ ಸೈಟಲ್ಲಿ ಒಂದು ಕಮೆಂಟೂ ಕಾಣುವುದಿಲ್ಲ.

ನಮ್ಮ ಶಕ್ತಿ ಸೋರಿ ಹೋಗುತ್ತದೆ ಅನ್ನುವ ಭಯ ಇನ್ನೊಂದು. ಎಲ್ಲರಿಗೂ ಬೆಲೆ ಹಂಚಿದರೆ ನಮ್ಮ ಪುಟಗಳಿಗೇ ಕಡಿಮೆ ಆಗುತ್ತದೆ ಅಂತ. ಆಗ ಗೂಗಲ್‌ನಲ್ಲಿ ಸ್ಪ್ಯಾಮ್ ತಡೆಯುವ ತಂಡ ನೋಡಿಕೊಳ್ಳುತ್ತಿದ್ದ ಮ್ಯಾಟ್ ಕಟ್ಸ್ 2009ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಹತ್ತು ಲಿಂಕ್ ಇದ್ದು ಐದಕ್ಕೆ ನೋಫಾಲೋ ಹಾಕಿದರೆ, ಆ ಐದರ ಪಾಲು ಉಳಿದ ಐದಕ್ಕೆ ಹೋಗುವುದಿಲ್ಲ, ಸುಮ್ನೆ ಆರಿಹೋಗುತ್ತದೆ. ಅಂದರೆ ಹುಡುಗನಿಗೆ ಕೊಡದೆ ಇಟ್ಟುಕೊಂಡದ್ದು ಆ ದೊಡ್ಡ ಸೈಟಿಗೂ ದಕ್ಕಲಿಲ್ಲ. ತಾನೂ ತಿನ್ನದೆ, ಇನ್ನೊಬ್ಬರಿಗೂ ಕೊಡದೆ ಇಟ್ಟ ಅನ್ನ ಹಳಸಿದ ಹಾಗೆ. 2019ರಲ್ಲಿ ಗೂಗಲ್ ನಿಯಮ ಸ್ವಲ್ಪ ಸಡಿಲ ಮಾಡಿತು. ನೋಫಾಲೋವನ್ನು ಇನ್ನು ಮೇಲೆ ಸೂಚನೆ ಅಂತ ಮಾತ್ರ ತೆಗೆದುಕೊಳ್ಳುತ್ತೇವೆ ಅಂದಿತು, ಓದುಗರು ಹಾಕುವ ಲಿಂಕ್‌ಗೆ ಯುಜಿಸಿ (ಯೂಸರ್ ಜನರೇಟೆಡ್ ಕಂಟೆಂಟ್) ಅಂತ ಬೇರೆ ಗುರುತೂ ತಂದಿತು. "ಹಾಗಿದ್ಮೇಲೆ ಏನಾದ್ರೂ ಆಗಲಿ ಬಿಡಿ" ಅಂದರು ಗೆಳೆಯರು. ಸೂಚನೆಯೇ ಆಗಲಿ, ಒಳ್ಳೆಯ ಹುಡುಗನ ಬಗ್ಗೆ ಸುಳ್ಳು ಸೂಚನೆ ಯಾಕೆ ಕೊಡಬೇಕು?

ಕನ್ನಡದ ಮಟ್ಟಿಗೆ ಇದು ಇನ್ನೂ ದೊಡ್ಡ ವಿಷಯ. ಇಂಗ್ಲಿಷ್‌ನಲ್ಲಿ ಒಬ್ಬರು ಬರೆದರೆ ನೂರು ಜನ ತಮ್ಮ ಬರಹದಲ್ಲಿ ಲಿಂಕ್ ಕೊಡುತ್ತಾರೆ. ನಮ್ಮಲ್ಲಿ ಆ ರೂಢಿಯೇ ಕಡಿಮೆ. ನಾವು ಒಬ್ಬರನ್ನೊಬ್ಬರು ಗುರುತಿಸುವುದೆಲ್ಲ ಕಮೆಂಟ್‌ನಲ್ಲೇ. ಇಲ್ಲಿ ಫೇಸ್‌ಬುಕ್‌ನಲ್ಲಿ ಎಷ್ಟು ಹಂಚಿಕೊಂಡರೂ ಆ ಲೆಕ್ಕಕ್ಕೆ ಬರುವುದಿಲ್ಲ, ಇಲ್ಲಿಯ ಲಿಂಕೂ ನೋಫಾಲೋನೇ. ಹೀಗಾಗಿ ಕೆರೆ ಏರಿ ಮೇಲೆ ಬಿಸಿಲಲ್ಲಿ ನಿಂತು ಬರೆದವನ ಪುಟ ಎಲ್ಲೋ ಕೆಳಗೆ ಬಿದ್ದಿರುತ್ತದೆ, ಅವನಿಂದ ಎತ್ತಿಕೊಂಡವರ ಪುಟ ಮೇಲೆ ಕೂತಿರುತ್ತದೆ. ಮಾರಿಕಣಿವೆ ಅಂತ ಒಮ್ಮೆ ಹುಡುಕಿ ನೋಡಿ, ಗೊತ್ತಾಗುತ್ತದೆ.

ಇನ್ನು ನನ್ನದೂ ಹೇಳಬೇಕು. ಹೇಳದೆ ಬೇರೆಯವರ ಮೇಲೆ ಕೋಪ ಮಾಡಿಕೊಳ್ಳುವ ಹಕ್ಕು ನನಗಿಲ್ಲ.

ಹುಡುಗ ಹೋದ ಮೇಲೆ ನನ್ನ ಸೈಟಿನ ಪೇಜ್ ಸೋರ್ಸ್ ತೆಗೆದೆ. ಅಲ್ಲೂ ಅದೇ ಪದ. 2011ರಿಂದ ನಡೆಸುತ್ತಿದ್ದೇನೆ, ನಿಮಗೇ ಗೊತ್ತು. ಊರಿನವರ ಸೈಟ್ ಎಷ್ಟೋ ಮಾಡಿಕೊಟ್ಟಿದ್ದೇನೆ. ಒಂದು ದಿನವೂ ನನ್ನದೇ ಕಮೆಂಟ್‌ಗಳ ಕಡೆ ಈ ಕಣ್ಣಿಂದ ನೋಡಿರಲಿಲ್ಲ. 400ಕ್ಕೂ ಹೆಚ್ಚು ಕಮೆಂಟ್, ಒಂದೊಂದನ್ನೂ ನಾನೇ ಓದಿ, ಖುಷಿಪಟ್ಟು, ಉತ್ತರ ಬರೆದು ಒಪ್ಪಿದ್ದು. ಅವುಗಳಲ್ಲಿದ್ದ ಲಿಂಕ್‌ಗಳಿಗೆಲ್ಲ ನೋಫಾಲೋ.

2012ರ ಒಂದು ಕಮೆಂಟ್ ಸಿಕ್ಕಿತು. ನಮ್ಮ ಹತ್ತಿ ಮಿಲ್ಲುಗಳ ಬಗ್ಗೆ ಬರೆದದ್ದರ ಕೆಳಗೆ ಒಬ್ಬ ಹೆಣ್ಣುಮಗಳು ಬರೆದದ್ದು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಅವರ ಅಪ್ಪ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರಂತೆ. ಬೆಳಿಗ್ಗೆ ಬಂದರೆ ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ. ಅಮ್ಮ ಅವರನ್ನು ಕಟ್ಟೆ ಮೇಲೇ ಕೂರಿಸಿ, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿ, ಅಂಗಿ ಕೊಡವಿ, ಆಮೇಲೆ ಒಳಗೆ ಬಿಡುತ್ತಿದ್ದರಂತೆ. ಕೊನೆಯಲ್ಲಿ, "ನಾನೂ ಹೀಗೇ ನಮ್ಮ ಬೀದಿಯ ಕಥೆ ಬರೀತಿದ್ದೇನೆ, ಒಮ್ಮೆ ಬನ್ನಿ" ಅಂತ ಲಿಂಕ್. ನಾನು "ಖಂಡಿತ ಬರ್ತೇನೆ" ಅಂತ ಉತ್ತರ ಬರೆದಿದ್ದೇನೆ. ಹೋಗಿದ್ದೆನಾ, ನೆನಪಿಲ್ಲ. ಮೊನ್ನೆ ಹೋದೆ. ಕೊನೆಯ ಬರಹ 2014ರದ್ದು. "ಓದುವವರೇ ಇಲ್ಲ, ಇನ್ನು ಸಾಕು ಅನಿಸುತ್ತಿದೆ" ಅಂತ ಒಂದು ಸಾಲು. ಅದರ ಮೇಲೆ ಏನೂ ಇಲ್ಲ.

ನನ್ನ ಒಂದು ಲಿಂಕ್‌ನಿಂದ ಅವರಿಗೆ ಸಾವಿರ ಓದುಗರು ಬರುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಆದರೆ ಆಗ ದಾವಣಗೆರೆ ಮಿಲ್ ಅಂತ ಹುಡುಕಿದರೆ ನನ್ನ ಪುಟ ಮೊದಲಲ್ಲೇ ಬರುತ್ತಿತ್ತು. ಅವರದ್ದು ಅದರ ಪಕ್ಕದಲ್ಲಿ ಬರಬೇಕಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸೋಮವಾರ ಕೂತು ಬದಲಾಯಿಸಿದೆ. ವರ್ಡ್‌ಪ್ರೆಸ್‌ನ ಡ್ಯಾಶ್‌ಬೋರ್ಡ್‌ನಲ್ಲಿ ಇದಕ್ಕೆ ಬಟನ್ ಇಲ್ಲ, ಸ್ವಲ್ಪ ಕೋಡ್ ಬರೆಯಬೇಕು, ಇಲ್ಲ ಪ್ಲಗಿನ್ ಹಾಕಬೇಕು. ಇನ್ನು ಮುಂದೆ ನಾನು ಓದಿ ಒಪ್ಪಿದ ಕಮೆಂಟ್‌ನ ಲಿಂಕ್‌ಗೆ ನೋಫಾಲೋ ಇಲ್ಲ. ಹೆಸರಿನ ಜಾಗದಲ್ಲಿ ಮನುಷ್ಯರ ಹೆಸರು ಇರಬೇಕು. "ಬೆಸ್ಟ್ ಸೈಟ್ಸ್ ದಾವಣಗೆರೆ" ಅಂತ ಹೆಸರಿಟ್ಟುಕೊಂಡು ಬಂದರೆ ಅಳಿಸುತ್ತೇನೆ. ಲಿಂಕ್ ಬರಹಕ್ಕೆ ಸಂಬಂಧಪಟ್ಟಿರಬೇಕು, ಇಲ್ಲ ಬರೆದವರ ಸ್ವಂತ ಬ್ಲಾಗ್ ಆಗಿರಬೇಕು.

ಒಂದು ಕಷ್ಟ ಮಾತ್ರ ನಿಜ, ಇವತ್ತು ಒಳ್ಳೆಯದಿದ್ದ ಲಿಂಕ್ ನಾಳೆ ಕೆಡಬಹುದು ಅಂತ ಗೆಳೆಯರು ಹೇಳಿದ್ದೊಂದನ್ನು ತಳ್ಳಿಹಾಕಲಾರೆ. ಹಳೆಯ ಲಿಂಕ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಬಹಳಷ್ಟು ತೆರೆಯಲೇ ಇಲ್ಲ. 4 ಲಿಂಕ್ ರಮ್ಮಿ ಆಟದ ಸೈಟಿಗೆ ಹೋದವು. ಬರೆಯುವವರು ಡೊಮೇನ್, ಅಂದರೆ ಸೈಟಿನ ವಿಳಾಸದ ಹಣ ಕಟ್ಟುವುದು ಬಿಟ್ಟ ಮೇಲೆ ಇನ್ಯಾರೋ ಅದನ್ನು ಕೊಂಡಿದ್ದಾರೆ. ನೋಡದೆ ಎಲ್ಲದಕ್ಕೂ ಒಟ್ಟಿಗೆ ಬೆಲೆ ಕೊಟ್ಟಿದ್ದರೆ ಜೂಜಿನವರಿಗೂ ನಾನೇ ಸಾಕ್ಷಿ ಹೇಳಿದ ಹಾಗಾಗುತ್ತಿತ್ತು. ಅದಕ್ಕೆ ಆ ನಾಲ್ಕು ಲಿಂಕ್ ಮಾತ್ರ ತೆಗೆದು, ಅವರ ಮಾತುಗಳನ್ನು ಹಾಗೇ ಉಳಿಸಿದ್ದೇನೆ. ವರ್ಷಕ್ಕೊಮ್ಮೆ ಕೂತು ನೋಡಬೇಕು. ಯುಗಾದಿ ಮುಂಚೆ ಮನೆಯ ಅಟ್ಟ ಗುಡಿಸುತ್ತೇವಲ್ಲ, ಇದೂ ಹಾಗೇ. ಕೆಲಸ ಇದೆ ಅಂತ ಹುಡುಗನ ಪಾಲು ತಡೆಹಿಡಿಯುವುದು ಸರಿಯಲ್ಲ.

ನಿಮ್ಮಲ್ಲಿ ಸೈಟ್ ಇರುವವರು ಇವತ್ತೇ ನಿಮ್ಮದರ ಪೇಜ್ ಸೋರ್ಸ್ ತೆಗೆದು ನೋಡಿ. ಮಾಡಲು ಬರದಿದ್ದರೆ ಚೌಕಿಪೇಟೆಗೆ ಬನ್ನಿ, ಅಂಗಡಿ ಗೊತ್ತಲ್ಲ, ನಾನೇ ಮಾಡಿಕೊಡುತ್ತೇನೆ. ದುಡ್ಡು ಬೇಡ.

ಹಳೆಯ ಲಿಂಕ್‌ಗಳನ್ನು ನೋಡುತ್ತ ನಿನ್ನೆ ರಾತ್ರಿ 2016ರ ಕಮೆಂಟ್‌ಗಳವರೆಗೆ ಬಂದೆ. ಮಿಲ್ಲಿನ ಹೆಣ್ಣುಮಗಳ ಹಳೆಯ ಮೇಲ್ ವಿಳಾಸಕ್ಕೆ ಒಂದು ಪತ್ರ ಹಾಕಿದ್ದೇನೆ, ಇನ್ನೂ ಉತ್ತರ ಇಲ್ಲ. ಹುಡುಗ ಮುಹೂರ್ತದ ಟೈಮ್ ಖಚಿತ ಮಾಡಿ ಹೇಳಿದ, ಲಗ್ನಪತ್ರಿಕೆ ಪ್ರಿಂಟ್‌ಗೆ ಹೋಗಿದೆ, ಗುರುವಾರ ತೆಗೆದುಕೊಂಡು ಹೋಗಲು ಬರುತ್ತಾನೆ. ಸೂಳೆಕೆರೆ ಬಗ್ಗೆ ನಾನು ಬರೆದದ್ದರ ಕೆಳಗೆ ಅವನದೊಂದು ಕಮೆಂಟ್ ಇದೆ, ತೂಬಿನ ಫೋಟೋ ಇರುವ ಪುಟದ ಲಿಂಕ್ ಸಮೇತ. ಬಂದಾಗ ಅದೇ ಸ್ಟೂಲ್ ಮೇಲೆ ಕೂರಿಸಿ, ಪೇಜ್ ಸೋರ್ಸ್ ತೆಗೆದೇ ತೋರಿಸುತ್ತೇನೆ.