ಮರ ಉಳಿಯಬೇಕಾ? ಇನ್ನೊಂದು ಪೆಗ್ ಹಾಕಿ

ಸ್ವಿಟ್ಜರ್ಲೆಂಡಿನಲ್ಲಿ ಕೂತು ಒಂದು ಗ್ಲಾಸ್ ಕಿರ್ಶ್ ಕುಡಿದರೆ ಅದು ಕುಡಿತ ಅಲ್ಲ, ಪರಿಸರ ಸೇವೆ.

ಕಿರ್ಶ್ ಅಂದರೆ ಚೆರಿ ಹಣ್ಣಿನ ಬ್ರಾಂದಿ. ನೋಡಲು ನೀರು, ಗಂಟಲಿಗೆ ಇಳಿದರೆ ಕೆಂಡ. ಒಂದು ಲೀಟರಿಗೆ ಸುಮಾರು 10 ಕೆಜಿ ಹಣ್ಣು ಬೇಕು. ಅದೂ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ದಪ್ಪ ಚೆರಿ ಅಲ್ಲ. ಚಿಕ್ಕದು, ಕಪ್ಪು, ಬಾಯಿಗೆ ಹಾಕಿದರೆ ಬೀಜವೇ ಜಾಸ್ತಿ. ಅಲ್ಲಿನ ಕೆಲವು ಹಳೇ ಪಿಯರ್ ತಳಿಗಳಂತೂ ಇನ್ನೂ ಘೋರ. ಎಳೇ ಬಾಳೆಕಾಯಿ ಕಚ್ಚಿದ ಹಾಗೆ ಬಾಯೆಲ್ಲ ಒಗರು. ಇಂಥ ಹಣ್ಣನ್ನು ತಿನ್ನಲು ಯಾರು ಕೊಳ್ಳುತ್ತಾರೆ? ಭಟ್ಟಿ ಇಳಿಸುವವನೇ ಗತಿ. ಅವನು ಕೈ ಬಿಟ್ಟರೆ ತಳಿಯೂ ಹೋಯಿತು, ಮರವೂ ಹೋಯಿತು.

ಹಾಗಾಗಿ ಕುಡಿಯಿರಿ, ಮರ ಉಳಿಸಿ. ಇಲ್ಲಿಯವರೆಗೆ ಎಲ್ಲ ಸರಿಯಾಗೇ ಇದೆ. ಹೇಳಬೇಕಾದ್ದು ಆ ಮರಗಳು ಕಡಿಮೆಯಾದ ಕಥೆ.

1932ರಲ್ಲಿ ಅಲ್ಲಿನ ಸರ್ಕಾರ ಮದ್ಯದ ಕಾನೂನು ತಂದಿತು. ಜನ ಕುಡಿದು ಹಾಳಾಗಬಾರದು, ಸರಿ. ಅದಕ್ಕೇನು ಮಾಡಿದರು? ರೈತರು ಇಳಿಸಿದ ಹೆಚ್ಚುವರಿ ಬ್ರಾಂದಿಯನ್ನು ಸರ್ಕಾರವೇ ಗೊತ್ತಾದ ಬೆಲೆಗೆ ಕೊಳ್ಳಬೇಕು ಎಂದರು. ರೈತರಿಗೆ ಇನ್ನೇನು ಬೇಕು? ಒಳ್ಳೇ ಫಸಲು ಬಂದ ವರ್ಷ ಸರ್ಕಾರದ ಉಗ್ರಾಣದಲ್ಲಿ ಬ್ರಾಂದಿಯ ಪ್ರವಾಹ. ಜನ ಕುಡಿಯಬಾರದೆಂದು ಕಾನೂನು ಮಾಡಿದ ಸರ್ಕಾರವೇ ಆ ದೇಶದ ಅತಿ ದೊಡ್ಡ ಗಿರಾಕಿಯಾಗಿ ಕೂತಿತು.

ಇದಕ್ಕೆ ಮದ್ಯ ಮಂಡಳಿಯ ಬುದ್ಧಿವಂತರು ಕಂಡುಕೊಂಡ ಔಷಧ, ಮರ ಕಡಿಯುವುದು. ನೆಗಡಿಗೆ ಮೂಗು ಕೊಯ್ದುಕೊಂಡ ಹಾಗೆ. ಕಡಿದವರಿಗೆ ಸರ್ಕಾರದ ದುಡ್ಡು ಬೇರೆ! 1950ರಿಂದ 1975ರ ನಡುವೆ ಎತ್ತರದ ಕಾಂಡದ ಸುಮಾರು 1.1 ಕೋಟಿ ಹಣ್ಣಿನ ಮರಗಳು ನೆಲಕ್ಕೆ ಬಿದ್ದವು. ಭಾನುವಾರ ಬಿಟ್ಟು ಲೆಕ್ಕ ಹಾಕಿದರೆ ದಿನಕ್ಕೆ 1,400. (ಭಾನುವಾರ ಬಿಡಲೇಬೇಕು. ಆ ದಿನ ಹುಲ್ಲು ಕತ್ತರಿಸುವ ಮೆಷಿನ್ ಶಬ್ದ ಕೇಳಿದರೂ ಅಲ್ಲಿನ ಅಕ್ಕಪಕ್ಕದವರು ಸುಮ್ನಿರುವುದಿಲ್ಲ.)

ಆಮೇಲೆ ನೋಡಿದರೆ ಪೊಟರೆ ಹುಡುಕುವ ಚಂದ್ರಮುಕುಟ ಹಕ್ಕಿಗೆ ಪೊಟರೆ ಇಲ್ಲ, ಗೂಬೆಗೆ ಮನೆ ಇಲ್ಲ. ಅಯ್ಯೋ, ನಮ್ಮ ಜೀವವೈವಿಧ್ಯ! ಈಗ ಅದೇ ಸರ್ಕಾರ ಎತ್ತರದ ಮರ ಉಳಿಸಿಕೊಂಡ ರೈತನಿಗೆ ಮರಕ್ಕಿಷ್ಟು ಫ್ರಾಂಕ್ ಅಂತ ಎಣಿಸಿ ಕೊಡುತ್ತದೆ. ಅಪ್ಪ ಕಡಿದು ದುಡ್ಡು ತೆಗೆದುಕೊಂಡ ಜಾಗದಲ್ಲೇ ಮಗ ನೆಟ್ಟು ದುಡ್ಡು ತೆಗೆದುಕೊಳ್ಳಬಹುದು. ಮೊಮ್ಮಗ ಸ್ವಲ್ಪ ಕಾದರೆ ಮತ್ತೆ ಕಡಿಯುವ ಸ್ಕೀಮ್ ಬಂದರೂ ಬಂದೀತು. ಟ್ಸುಗ್ ಮತ್ತು ರೀಗಿ ಕಡೆಯ ಕಿರ್ಶ್‌ಗೆ ಈಗ ಊರಿನ ಹೆಸರಿನ ರಕ್ಷಣೆಯೂ ಇದೆ. ಒಂದು ಕಾಲದ ಪಿಡುಗು ಈಗಿನ ಪರಂಪರೆ.

ನಾವು ನಗುವ ಹಾಗಿಲ್ಲ ಬಿಡಿ. ಪುತ್ತೂರಿನ ಕಡೆ ಗೇರುಬೀಜ ತಿರುಚಿಕೊಂಡು ಹಣ್ಣನ್ನು ಮರದ ಬುಡದಲ್ಲೇ ಕೊಳೆಯಲು ಬಿಡುತ್ತಾರೆ. ಅದೇ ಹಣ್ಣು ಗೋವಾದಲ್ಲಿ ಫೆನಿಯಾಗಿ 2009ರಲ್ಲಿ ಜಿಐ ಟ್ಯಾಗ್ ಹಾಕಿಕೊಂಡಿತು. ಇನ್ನು ನಮ್ಮ ಬಾರ್‌ಗಳ ಅಗ್ಗದ ಬ್ರಾಂದಿ ಬಹುಪಾಲು ಕಬ್ಬಿನ ಕಾಕಂಬಿಯ ಸ್ಪಿರಿಟ್ಟು, ಮೇಲೆ ಸುಟ್ಟ ಸಕ್ಕರೆಯ ಬಣ್ಣ. ದಿನಾ ಸಂಜೆ ನಿಷ್ಠೆಯಿಂದ ಹೋಗಿ ಕೂರುವ ನಮ್ಮವರು ಎಷ್ಟೇ ಕುಡಿದರೂ ಒಂದು ಹಣ್ಣಿನ ತಳಿಯನ್ನೂ ಉಳಿಸಿದ ಪುಣ್ಯ ಬರುವುದಿಲ್ಲ. ಇದು ಅನ್ಯಾಯ ಅಲ್ವಾ?

ಅಂದಹಾಗೆ, ಮರ ಕಡಿಸಿದ ಆ ಮದ್ಯ ಮಂಡಳಿಯನ್ನು 2018ರಲ್ಲಿ ಬುಡಸಮೇತ ಕಿತ್ತು ಕಸ್ಟಮ್ಸ್ ಇಲಾಖೆಗೆ ಸೇರಿಸಿದರು. ಪಾಪ, ಅದನ್ನು ಉಳಿಸಲಿಕ್ಕೆಂದು ಯಾರೂ ಒಂದು ಪೆಗ್ ಕೂಡ ಹಾಕಿದಂತಿಲ್ಲ.